ಬಾಲ್ ಪೈಥಾನ್ ಕಾಡಿನಲ್ಲಿ ಬಿಲ ಬಿಟ್ಟು ಹೊರಗೇ ಬರುವುದಿಲ್ಲವಂತೆ, ಇಲಿ ಬಿಟ್ಟು ಬೇರೇನೂ ತಿನ್ನುವುದಿಲ್ಲವಂತೆ, ನಿಜವೇ?

ಆಫ್ರಿಕಾದ ಈ ಚಿಕ್ಕ ಹೆಬ್ಬಾವು ಬಿಲದಲ್ಲಿರುತ್ತದೆ ಅನ್ನುವುದು ನಿಜ. ಆದರೆ ಇಲಿ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ, ಮರ ಹತ್ತುವುದಿಲ್ಲ, ಹಾಗಾಗಿ ಮನೆಯಲ್ಲಿ ಸಾಕಲು ಸಣ್ಣ ಪ್ಲಾಸ್ಟಿಕ್ ಡಬ್ಬಿಯೇ ಸಾಕು ಎಂದು ಮಾರುವವರು ಹೇಳಿದ್ದಾಗಿ ಬರೆದಿದ್ದೀರಲ್ಲ, ಅದು ಅರ್ಧ ಸತ್ಯ. ಅದರಲ್ಲೂ ಮಾರುವವರಿಗೆ ಅನುಕೂಲವಾಗುವ ಅರ್ಧ. ಈ ಹಾವು ಹೇಗೆ ಬದುಕುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು: ಗಂಡೋ ಹೆಣ್ಣೋ, ಮರಿಯೋ ಬಲಿತದ್ದೋ, ಮಳೆಗಾಲವೋ ಒಣಗಾಲವೋ? ಉತ್ತರ ಬದಲಾದಂತೆ ಹಾವಿನ ದಿನಚರಿಯೂ ಬದಲಾಗುತ್ತದೆ.

ಇದರ ನೆಲೆ ಸಹಾರಾ ಮರುಭೂಮಿಯ ಕೆಳಗಿನ ಪಟ್ಟಿ, ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಉಗಾಂಡದವರೆಗೆ. ಅತಿ ಹೆಚ್ಚು ಮಾಹಿತಿ ಇರುವುದು ಘಾನಾ, ಟೋಗೊ, ಬೆನಿನ್ ಮತ್ತು ನೈಜೀರಿಯಾದಿಂದ. ಘಾನಾದ ಪೂರ್ವಭಾಗದಿಂದ ಬೆನಿನ್‌ವರೆಗೆ ಪಶ್ಚಿಮ ಆಫ್ರಿಕಾದ ಮಳೆಕಾಡು ತುಂಡಾಗಿ, ಹುಲ್ಲುಗಾವಲು ಸಮುದ್ರದ ತನಕ ಬಂದುಬಿಡುತ್ತದೆ. ಅಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ದೊಡ್ಡ ಮಳೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಸಣ್ಣ ಮಳೆ, ಡಿಸೆಂಬರ್ ಹೊತ್ತಿಗೆ ಸಹಾರಾದಿಂದ ಹರ್ಮಟ್ಟಾನ್ ಎಂಬ ಒಣ ಧೂಳುಗಾಳಿ. ‘ಕಾಡು’ ಎಂದಾಕ್ಷಣ ದಟ್ಟ ಮರಗಳನ್ನು ಕಲ್ಪಿಸಿಕೊಳ್ಳಬೇಡಿ. ಮರಗೆಣಸಿನ ಹೊಲ, ಮೆಕ್ಕೆಜೋಳದ ಹೊಲ, ಎಣ್ಣೆತಾಳೆ ತೋಟ, ಬೀಳುಬಿಟ್ಟ ಭೂಮಿ, ಇವೇ ಅದರ ಮುಖ್ಯ ಜಾಗಗಳು. ಬೆಳೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬಿಲ, ಬಿಲ ಇದ್ದಲ್ಲಿ ಈ ಹಾವು. ನೈಜೀರಿಯಾದ ಆಗ್ನೇಯ ಭಾಗದಲ್ಲಿ ಮಾತ್ರ ತೇವದ ಮಳೆಕಾಡಿನಲ್ಲೂ ಚೆನ್ನಾಗಿಯೇ ಬದುಕಿದೆ.

ಬಿಲವನ್ನು ಅದು ತಾನೇ ತೋಡುವುದಿಲ್ಲ. ಇಲಿಗಳು ತೋಡಿದ್ದು, ಗೆದ್ದಲು ಬಿಟ್ಟುಹೋದ ಹುತ್ತ, ಒಂದು ಕಿಲೋಗೂ ಹೆಚ್ಚು ತೂಗುವ ಅಲ್ಲಿನ ದೈತ್ಯ ಇಲಿಯ ಸುರಂಗ, ಹೀಗೆ ಸಿಕ್ಕಿದ್ದರಲ್ಲಿ ಸೇರಿಕೊಳ್ಳುತ್ತದೆ. ಮೇಲೆ ನೆಲ ಕಾದು ಗಾಳಿ ಒಣಗಿದ್ದರೂ ಒಳಗೆ ಶಾಖ ಹೆಚ್ಚು ಏರಿಳಿಯುವುದಿಲ್ಲ, ತೇವವೂ ಉಳಿದಿರುತ್ತದೆ. ಒಣಗಾಲದಲ್ಲಿ ಹುಲ್ಲಿಗೆ ಬೆಂಕಿ ಬೀಳುವುದು ಅಲ್ಲಿ ಮಾಮೂಲು. ಆಗಲೂ ಜೀವ ಉಳಿಯುವುದು ಮಣ್ಣಿನ ಕೆಳಗೆ ಇದ್ದವರದ್ದೇ. ಹಗಲು ಪೂರ್ತಿ ಒಳಗೆ, ಕತ್ತಲಾದ ಮೇಲೆ ಹೊರಗೆ. ಮೇಲ್ದುಟಿಯ ಅಂಚಿನಲ್ಲಿ ಸಾಲಾಗಿರುವ ಕುಳಿಗಳು ಬಿಸಿರಕ್ತದ ಪ್ರಾಣಿಯ ಶಾಖವನ್ನು ಗ್ರಹಿಸುತ್ತವೆ, ನಾಲಿಗೆ ವಾಸನೆ ಹಿಡಿಯುತ್ತದೆ. ಇಷ್ಟಿದ್ದರೆ ಬೆಳದಿಂಗಳೂ ಬೇಕಿಲ್ಲ.

ಈಗ ಊಟದ ವಿಷಯ. ಲೂಯಿಸೆಲ್ಲಿ ಮತ್ತು ಆಂಜೆಲಿಚಿ ಎಂಬ ಇಟಲಿಯ ಸಂಶೋಧಕರು ಆಗ್ನೇಯ ನೈಜೀರಿಯಾದ ಹಾವುಗಳ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿ 1998ರಲ್ಲಿ ಬರೆದರು. 70 ಸೆಂ.ಮೀ.ಗಿಂತ ಚಿಕ್ಕ ಹಾವುಗಳು ಹೆಚ್ಚಾಗಿ ತಿಂದಿದ್ದು ಹಕ್ಕಿಗಳನ್ನು, ಮುಖ್ಯವಾಗಿ ಮರಿಗಳನ್ನು. ಒಂದು ಮೀಟರ್ ದಾಟಿದವು ಇಲಿಯಂಥ ಸಸ್ತನಿಗಳನ್ನು. ಅದರಲ್ಲೂ ಗಂಡು ಹಕ್ಕಿಯ ಕಡೆ, ಹೆಣ್ಣು ಇಲಿಯ ಕಡೆ. ಕಾರಣ ಸರಳ: ಗಂಡು ಚಿಕ್ಕದು, ಸುಮಾರು ಒಂದು ಮೀಟರ್ ಆಸುಪಾಸು; ಮರ-ಪೊದೆ ಹತ್ತಿ ಗೂಡಿಗೆ ಬಾಯಿ ಹಾಕುತ್ತದೆ. ಹೆಣ್ಣು 1.2ರಿಂದ 1.5 ಮೀಟರ್ ಬೆಳೆದು ದಪ್ಪವಾಗುತ್ತದೆ, ಹೆಚ್ಚಾಗಿ ನೆಲದಲ್ಲೇ ಇರುತ್ತದೆ. ಅಂದಮೇಲೆ ‘ಇದು ಮರ ಹತ್ತುವ ಹಾವಲ್ಲ’ ಎನ್ನುವುದು ಬಲಿತ ಹೆಣ್ಣನ್ನು ಮಾತ್ರ ನೋಡಿ ಆಡಿದ ಮಾತು. ಸಾಕಿದ ಗಂಡು ಹಾವು ರಾತ್ರಿಯಿಡೀ ಗಾಜಿಗೆ ಮೂತಿ ಉಜ್ಜುತ್ತಿದ್ದರೆ ಅದಕ್ಕೆ ಹಸಿವೊಂದೇ ಕಾರಣ ಎಂದುಕೊಳ್ಳಬೇಡಿ.

ವರ್ಷದ ಲೆಕ್ಕ ಸಂತಾನದ ಸುತ್ತ ತಿರುಗುತ್ತದೆ. ಸಣ್ಣ ಮಳೆಯ ಹೊತ್ತಿಗೆ, ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗೆ ಕೂಡುತ್ತವೆ. ಒಣಗಾಲದ ಕೊನೆಯ ಭಾಗದಲ್ಲಿ, ಫೆಬ್ರವರಿ ಮಧ್ಯದಿಂದ ಏಪ್ರಿಲ್ ಆರಂಭದೊಳಗೆ ಮೊಟ್ಟೆ. ಸುಮಾರು ಎರಡು ತಿಂಗಳಿಗೆ ಮರಿ, ಅಂದರೆ ಸರಿಯಾಗಿ ದೊಡ್ಡ ಮಳೆ ಹಿಡಿದಾಗ, ತಿನ್ನಲು ಚಿಕ್ಕ ಬೇಟೆ ಸಿಗುವ ಕಾಲಕ್ಕೆ.

ಆ ಎರಡು ತಿಂಗಳು ತಾಯಿ ಮಾಡುವುದನ್ನು ಹತ್ತಿರದಿಂದ ನೋಡಬೇಕು. ಏಳೆಂಟು ಮೊಟ್ಟೆಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತವೆ. ಅದರ ಸುತ್ತ ಸಿಂಬೆ ಸುತ್ತಿ, ಮೇಲೆ ತಲೆಯಿಟ್ಟು, ಒಂದು ಮೊಟ್ಟೆಯೂ ಕಾಣದ ಹಾಗೆ ಮುಚ್ಚಿ ಕೂರುತ್ತದೆ. ಊಟವಿಲ್ಲ. ನಮ್ಮ ಹೆಬ್ಬಾವು ಕಾವು ಕೂತಾಗ ಮೈಯ ಮಾಂಸಖಂಡ ನಡುಗಿಸಿ ಶಾಖ ಹುಟ್ಟಿಸುತ್ತದೆ; ಇದು ಆ ಕಷ್ಟಕ್ಕೆ ಹೋಗುವುದಿಲ್ಲ. ಟೋಗೊದ ಬಿಲ ಮಾರ್ಚ್‌ನಲ್ಲಿ ಹೇಗೂ ಬೆಚ್ಚಗಿರುತ್ತದೆ. ಹಾಗಾದರೆ ಅಷ್ಟು ಬಿಗಿಯಾಗಿ ಸುತ್ತಿಕೊಳ್ಳುವುದೇಕೆ? ಫ್ರಾನ್ಸಿನ ಓಬ್ರೆ ಮತ್ತು ಸಂಗಡಿಗರು ಟೋಗೊದಲ್ಲಿ ಇದನ್ನೇ ಪರೀಕ್ಷಿಸಿದರು. ಉತ್ತರ ನೀರು. ಚಿಪ್ಪು ತೊಗಲಿನಂತೆ ಮೆತ್ತಗಿರುವುದರಿಂದ ಮೊಟ್ಟೆ ಬೇಗ ಒಣಗುತ್ತದೆ. ತಾಯಿಯ ಮೈ ಅದಕ್ಕೆ ಮುಚ್ಚಳ. ತಾಯಿಯನ್ನು ತೆಗೆದಾಗ ಒಡೆದು ಮರಿಯಾಗುವ ಮೊಟ್ಟೆಗಳ ಪ್ರಮಾಣವೇ ಇಳಿಯಿತು. ಗೂಡಿಗೆ ಹೆಚ್ಚುವರಿ ಮೊಟ್ಟೆ ಸೇರಿಸಿದಾಗ ಸುತ್ತು ಸಾಲದೆ ನೀರಿನ ನಷ್ಟ ಹೆಚ್ಚಾಯಿತು. ಬಸುರಿನಿಂದ ಕಾವಿನವರೆಗೆ ಉಪವಾಸವಿದ್ದ ಹೆಣ್ಣು ಮರಿಗಳು ಹೊರಬರುವಾಗ ಸೊರಗಿ ಹೋಗಿರುತ್ತದೆ. ಮೈಗೂಡಿಸಿಕೊಳ್ಳಲು ಕಾಲ ಬೇಕು, ಹಾಗಾಗಿ ಕಾಡಿನಲ್ಲಿ ಪ್ರತಿವರ್ಷ ಮೊಟ್ಟೆಯಿಡುವುದಿಲ್ಲ, ಎರಡು ಮೂರು ವರ್ಷಕ್ಕೊಮ್ಮೆ.

ಹೆದರಿದರೆ ತಲೆಯನ್ನು ಮಧ್ಯಕ್ಕೆ ತಂದು ಉಂಡೆಯಾಗುವುದು ನಿಮಗೆ ಗೊತ್ತೇ ಇದೆ. ಅದನ್ನು ನೋಡಿ ‘ಪಾಪ, ಮುದ್ದು’ ಅನ್ನುವವರೇ ಜಾಸ್ತಿ. ನಿಜವಾಗಿ ಅದು ಪ್ರಾಣಭಯ. ಮರಿಗಳು ಉಂಡೆಯಾಗುವುದಕ್ಕಿಂತ ಬುಸುಗುಟ್ಟಿ ಕಚ್ಚಲು ಬರುವುದೇ ಹೆಚ್ಚು. ಉಣ್ಣೆಹುಳಗಳ ಕಾಟವೂ ಇದೆ: ಹುರುಪೆಗಳ ಸಂದಿಯಲ್ಲಿ, ಕಣ್ಣಿನ ಅಂಚಿನಲ್ಲಿ ಕಚ್ಚಿ ಕೂತಿರುತ್ತವೆ. ಕಾಡಿನಿಂದ ಹಿಡಿದು ತಂದ ಹಾವನ್ನು ಗುರುತಿಸುವ ಒಂದು ಲಕ್ಷಣವೂ ಅದೇ.

ಮನುಷ್ಯರ ಜತೆಗಿನ ಸಂಬಂಧ ಊರಿಂದೂರಿಗೆ ಬೇರೆ. ಬೆನಿನ್‌ನ ವೀದಾ ಪಟ್ಟಣದಲ್ಲಿ ಇವುಗಳಿಗೇ ಒಂದು ಗುಡಿಯಿದೆ. ರಾತ್ರಿ ಮೇಯಲು ಹೊರಗೆ ಬಿಡುತ್ತಾರೆ, ಯಾರದೋ ಮನೆಗೆ ನುಗ್ಗಿದರೆ ಗೌರವದಿಂದ ಎತ್ತಿ ತಂದುಬಿಡುತ್ತಾರೆ. ನೈಜೀರಿಯಾದ ಇಗ್ಬೋ ಜನರಲ್ಲಿ ಕೆಲವೆಡೆ ಅಕಸ್ಮಾತ್ತಾಗಿ ಕೊಂದರೂ ಶವಪೆಟ್ಟಿಗೆ ಮಾಡಿ ಮಣ್ಣು ಮಾಡಬೇಕು. ನಾಗರ ಹಾವಿನ ಸಂಸ್ಕಾರ ಕಂಡ ನಮಗೆ ಇದೇನೂ ವಿಚಿತ್ರವಲ್ಲ. ಆದರೆ ಘಾನಾ, ಟೋಗೊ, ಬೆನಿನ್‌ಗಳಲ್ಲಿ ಫೆಬ್ರವರಿಯಿಂದ ಬಿಲ ಅಗೆದು ಬಸುರಿ ಹಾವುಗಳನ್ನು ಹಿಡಿದು ಫಾರ್ಮ್‌ಗಳಿಗೆ ಮಾರುತ್ತಾರೆ. ಅಲ್ಲಿ ಮೊಟ್ಟೆ ಮರಿಯಾಗಿ ವಿದೇಶಕ್ಕೆ ಹೋಗುತ್ತವೆ. ತಾಯಂದಿರನ್ನೂ ಮರಿಗಳಲ್ಲಿ ಒಂದು ಪಾಲನ್ನೂ ಕಾಡಿಗೆ ಬಿಡುವುದು ಪದ್ಧತಿ. ನನಗೆ ಈ ಪದ್ಧತಿಯ ಮೇಲೆ ಅಷ್ಟು ಭರವಸೆಯಿಲ್ಲ: ಅಗೆದ ಬಿಲ ಮತ್ತೆ ಬಿಲವಾಗುವುದಿಲ್ಲ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಈ ಜಾತಿ ಈಗ ‘ಅಪಾಯದ ಅಂಚಿಗೆ ಸಮೀಪ’ ಎಂಬ ವರ್ಗದಲ್ಲಿದೆ.

ನಿಮ್ಮ ಡಬ್ಬಿಯ ಪ್ರಶ್ನೆಗೆ ಬರುತ್ತೇನೆ. ಬಿಲದಿಂದ ಕಲಿಯಬೇಕಾದ್ದು ಇಕ್ಕಟ್ಟನ್ನಲ್ಲ, ಮೈಗೆ ತಾಗುವಂಥ ಕತ್ತಲೆಯ ಅಡಗುತಾಣವನ್ನು. ಬಿಸಿ ಬದಿಯಲ್ಲೊಂದು, ತಂಪು ಬದಿಯಲ್ಲೊಂದು ಇರಲಿ. ಬಿಸಿ ಬದಿ 31–32 ಡಿಗ್ರಿ ಸೆಲ್ಸಿಯಸ್, ತಂಪು ಬದಿ 26ರ ಸುಮಾರು, ಗಾಳಿಯ ತೇವಾಂಶ ಶೇ 60ಕ್ಕಿಂತ ಕೆಳಗಿಳಿಯಬಾರದು. ಇಳಿದರೆ ಪೊರೆ ಚೂರುಚೂರಾಗಿ ಬಿಡುತ್ತದೆ, ಕಣ್ಣಿನ ಮೇಲಿನದು ಹಾಗೇ ಉಳಿದುಬಿಡುತ್ತದೆ. ಹೊರಗೆ ಮೈಚಾಚುವಷ್ಟು ಉದ್ದ, ಹತ್ತಲು ಗಟ್ಟಿ ಕೊಂಬೆ ಬೇಕೇ ಬೇಕು. ಬಲಿತ ಹಾವು ತಿಂಗಳುಗಟ್ಟಲೆ ತಿನ್ನದಿದ್ದರೆ ಗಾಬರಿಯಾಗಿ ಬಾಯಿಗೆ ತುರುಕಬೇಡಿ, ತೂಕ ನೋಡಿ: ಶೇ 10ಕ್ಕಿಂತ ಹೆಚ್ಚು ಇಳಿದರೆ ಸರೀಸೃಪ ಬಲ್ಲ ಪಶುವೈದ್ಯರ ಹತ್ತಿರ ಹೋಗಿ. ಮರಿಯಾದರೆ ಅಷ್ಟು ಕಾಯಬೇಡಿ.

ಇನ್ನೂ ಕೊಂಡಿಲ್ಲವಾದರೆ ಕಾಗದಪತ್ರ ಮೊದಲು ಕೇಳಿ. ಈ ಹಾವು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ; 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆಯ ಪ್ರಕಾರ ಸಾಕುವವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಬಾಲ್ ಪೈಥಾನ್‌ಗಳು ಸಿಕ್ಕಿದ್ದವು, ಬೇರೆ ಪ್ರಾಣಿಗಳೊಂದಿಗೆ. ದಾಖಲೆಯಿಲ್ಲದೆ ಅಗ್ಗಕ್ಕೆ ಸಿಗುವ ಮರಿ ಅಂಥ ದಾರಿಯಲ್ಲೇ ಬಂದಿರುವ ಸಾಧ್ಯತೆ ಹೆಚ್ಚು.