ಹಳೇ ಬಿಬಿಸಿ ಮೈಕ್ರೋಗೆ ಕರೆಂಟ್ ಕೊಡೋ ಮೊದಲು

ರಾಯಚೂರಿನ ಗುಜರಿಯಲ್ಲಿ ಬಿಬಿಸಿ ಮೈಕ್ರೋ ಅನ್ನೋ 80ರ ದಶಕದ ಬ್ರಿಟಿಷ್ ಕಂಪ್ಯೂಟರ್, ಜೊತೆಗೆ ಒಂದು ಫ್ಲಾಪಿ ಓದೋ ಡ್ರೈವ್, ಒಂದು ಡಬ್ಬಿ ಫ್ಲಾಪಿ ಸಿಕ್ಕಿವೆ, ಪ್ಲಗ್ ಹಾಕಿ ನೋಡಲಾ ಅಂತ ಕೇಳಿದ್ದೀರಿ. ಬೇಡ. ನಾನು ಬಳ್ಳಾರಿಯಲ್ಲಿ ಇಂಥ ಮಷೀನ್‌ಗಳನ್ನೇ ರಿಪೇರಿ ಮಾಡುತ್ತಾ ಕೂತಿರುವವನು, ಮೊದಲ ಮಾತು ಇದೇ.

1984ರಲ್ಲಿ ಕ್ಲಾಸ್ ಅನ್ನೋ ಸರ್ಕಾರಿ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದಿದ್ದು ಇದೇ ಕಂಪ್ಯೂಟರ್. ನಿಮ್ಮದೂ ಯಾವುದಾದರೂ ಶಾಲೆಯ ಬೀರುವಿನಿಂದ ಹೊರಬಿದ್ದಿರಬಹುದು. ಹಾಗಿದ್ದರೆ ಮಷೀನ್‌ಗಿಂತ ಆ ಫ್ಲಾಪಿಗಳೇ ಬೆಲೆಯುಳ್ಳವು. ಮೈಕ್ರೋ ಇನ್ನೊಂದು ಸಿಗುತ್ತದೆ, ಯಾವುದೋ ಮೇಷ್ಟ್ರು ಬರೆದ ಪ್ರೋಗ್ರಾಂ ಸಿಗೋದಿಲ್ಲ.

ಪವರ್ ಸಪ್ಲೈಯಲ್ಲಿ 230 ವೋಲ್ಟ್ ಒಳಗೆ ಬರೋ ಜಾಗದಲ್ಲೇ ರಿಫಾ ಕಂಪನಿಯ ಹಳದಿ ಬಣ್ಣದ ಕೆಪಾಸಿಟರ್ (ವಿದ್ಯುತ್ ಹಿಡಿದಿಟ್ಟುಕೊಳ್ಳೋ ಬಿಡಿಭಾಗ) ಇರುತ್ತವೆ. ವಯಸ್ಸಾದಂತೆ ಅವುಗಳ ಮೈ ಬಿರುಕು ಬಿಡುತ್ತದೆ, ತೇವ ಒಳಗೆ ಸೇರುತ್ತದೆ, ಆಮೇಲೆ ಕರೆಂಟ್ ಕೊಟ್ಟರೆ ಢಮ್ ಅಂದು ಮನೆ ತುಂಬಾ ಗಬ್ಬು ಹೊಗೆ. ಅವನ್ನು ತೆಗೆದು ಮೇಲೆ ಬರೆದಿರೋ ಅದೇ ಅಳತೆಯ, ಎಕ್ಸ್2 ಅನ್ನೋ ಸುರಕ್ಷತಾ ದರ್ಜೆಯವನ್ನು ಹಾಕಿಸಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ನಿಂತಿರಬಹುದು, ಸೋಲ್ಡರಿಂಗ್ ಅಭ್ಯಾಸ ಇಲ್ಲದಿದ್ದರೆ ಟಿವಿ ರಿಪೇರಿಯವರ ಕೈಗೆ ಕೊಡಿ. ಆಮೇಲೆ ಆನ್ ಮಾಡಿದಾಗ ಉದ್ದಕ್ಕೊಂದು, ಚಿಕ್ಕದೊಂದು ಬೀಪ್ ಬಂದರೆ ಸರಿ. ಉದ್ದನೆಯದು ನಿಲ್ಲದೇ ಕಿರುಚುತ್ತಿದ್ದರೆ ಬೋರ್ಡ್‌ನಲ್ಲಿ ಬೇರೆ ಕೆಲಸ ಇದೆ.

ಡ್ರೈವ್‌ಗೆ ಇನ್ನೂ ಜಾಸ್ತಿ ತಾಳ್ಮೆ ಬೇಕು. ನಮ್ಮ ಕಡೆಯ ಕೆಂಪು ಧೂಳು ಹಳೇ ಗ್ರೀಸ್ ಜೊತೆ ಸೇರಿ, ಫ್ಲಾಪಿ ಓದೋ ಹೆಡ್ ಓಡಾಡೋ ಸರಳುಗಳ ಮೇಲೆ ಅಂಟಿನಂತೆ ಕೂತಿರುತ್ತದೆ, ಅದನ್ನು ಪೂರ್ತಿ ಒರೆಸಿ ಒಂದೇ ಒಂದು ಹನಿ ತೆಳು ಎಣ್ಣೆ ಹಾಕಿ, ಸಿಕ್ಕ ಸ್ಪ್ರೇ ಎಲ್ಲಾ ಹೊಡೆಯಬೇಡಿ. ಹೆಡ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್, ಕಿವಿಗೆ ಹಾಕೋ ಹತ್ತಿ ಕಡ್ಡಿ, ಅಷ್ಟೇ. ಮೇಲಿನ ಹೆಡ್ ಎತ್ತಿ ಎಳೆದರೆ ಅದರ ಅಲೈನ್‌ಮೆಂಟ್ ಹೋಗುತ್ತದೆ. ಇನ್ನು ಮೈಕ್ರೋ ಒಳಗೆ ಡ್ರೈವ್ ನಡೆಸೋ ಡಿಸ್ಕ್ ಕಂಟ್ರೋಲರ್ ಚಿಪ್ ಇದೆಯಾ ನೋಡಿಕೊಳ್ಳಿ, ಎಲ್ಲಾ ಮಷೀನ್‌ಗೂ ಅದನ್ನು ಹಾಕಿರಲಿಲ್ಲ.

ಹಳದಿಯಾದ ಪ್ಲಾಸ್ಟಿಕ್ ಬೆಳ್ಳಗೆ ಮಾಡೋದು ಸುಮ್ನೆ ಶೋಕಿ. ನಾನು ಮಾಡೋದಿಲ್ಲ.

ಫ್ಲಾಪಿಯ ನಡುವಿನ ಸೀಳಿನಲ್ಲಿ ಬಿಳಿ ಬೂಷ್ಟು ಕಂಡರೆ ಡ್ರೈವ್‌ಗೆ ಹಾಕಲೇಬೇಡಿ, ಒಂದು ಬೂಷ್ಟು ಫ್ಲಾಪಿಯಿಂದ ಹೆಡ್ ಕೊಳೆಯಾಗಿ ಮುಂದಿನದ್ದನ್ನೂ ಗೀರಿಬಿಡುತ್ತದೆ. ಚೆನ್ನಾಗಿರುವುದನ್ನು ಗ್ರೀಸ್‌ವೀಝಲ್ ಅನ್ನೋ ಚಿಕ್ಕ ಬೋರ್ಡ್ ಮೂಲಕ ಈಗಿನ ಕಂಪ್ಯೂಟರ್‌ಗೆ ನಕಲು ಮಾಡಿಕೊಳ್ಳಬಹುದು. ಫ್ಲಾಪಿಯಲ್ಲಿ ಮಾಹಿತಿ ಕೂತಿರೋ ವೃತ್ತಗಳಿಗೆ ಟ್ರ್ಯಾಕ್ ಅಂತಾರೆ; ಡ್ರೈವ್ 80 ಟ್ರ್ಯಾಕಿನದು, ಫ್ಲಾಪಿ 40ರದು ಆದರೂ ಓದುತ್ತದೆ, ಆದರೆ ಬರೆಯಲು ಹೋದರೆ ಕೆಡುತ್ತದೆ, ಆ ಹೆಡ್ ಸಣ್ಣದು. ಅದಕ್ಕೇ, ಏನೇ ಮಾಡೋ ಮೊದಲು ಫ್ಲಾಪಿಯ ಪಕ್ಕದ ಚಿಕ್ಕ ಕಚ್ಚಿಗೆ ಬೆಳಕು ತೂರದಂಥ ಟೇಪ್ ಅಂಟಿಸಿ, ಆಗ ಡ್ರೈವ್ ಅದರ ಮೇಲೆ ಬರೆಯೋದಿಲ್ಲ.