ಓಡಾಡುವ ಗಾಡಿಯ ಟ್ರ್ಯಾಕರ್‌ಗೆ ಸರ್ವರ್‌ನಿಂದ ಕಮಾಂಡ್ ಕಳಿಸಲು ಸ್ಟಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಇರುವ ಸಿಮ್ ಬೇಕಾ, ಮೊಬೈಲ್ ಐಪಿ (ಜಾಗ ಬದಲಾದರೂ ಅದೇ ವಿಳಾಸದಲ್ಲಿ ತಲುಪಿಸುವ ವ್ಯವಸ್ಥೆ) ಹಾಕಬೇಕಾ?

ಎರಡೂ ಬೇಡ. "ಶಾಲಾ ವ್ಯಾನ್ ಎಲ್ಲಿದ್ದರೂ ಸರ್ವರ್ ಅದನ್ನು ಹುಡುಕಿ ತಲುಪಬೇಕು" ಅಂತ ಬರೆದಿದ್ದೀರಲ್ಲ, ನಾನೂ ಹಾಗೇ ಅಂದುಕೊಂಡು ಕೆಟ್ಟವನು.

ಕುಂಬಳೆಯ ಅಡಿಕೆ ವ್ಯಾಪಾರಿಯೊಬ್ಬರ ನಾಲ್ಕು ಪಿಕಪ್‌ಗಳಿಗೆ ಟ್ರ್ಯಾಕರ್ ಹಾಕಿಕೊಟ್ಟಿದ್ದೆ. ಹತ್ತು ನಿಮಿಷಕ್ಕೊಮ್ಮೆ ಯುಡಿಪಿ ಪ್ಯಾಕೆಟ್ (ಕನೆಕ್ಷನ್ ಇಟ್ಟುಕೊಳ್ಳದೆ ಕಳಿಸುವ ಚಿಕ್ಕ ಸಂದೇಶ) ಬರುತ್ತಿತ್ತು. ಯಾವ ಐಪಿ, ಯಾವ ಪೋರ್ಟಿನಿಂದ (ಐಪಿಯ ಜೊತೆಗಿನ ಬಾಗಿಲ ನಂಬರ್) ಬಂತೋ ಅದನ್ನು ಆ ಗಾಡಿಯ ನಂಬರಿನ ಎದುರು ಬರೆದಿಡುವುದು, ಕಮಾಂಡ್ ಇದ್ದರೆ ಅಲ್ಲಿಗೇ ಕಳಿಸುವುದು. ಕುಂಬಳೆ–ಕಾಸರಗೋಡು ನಡುವೆ ಒಂದು ವಾರ ಓಡಿಸಿ ನೋಡಿದೆ. ಟವರ್ ಎಷ್ಟು ಬದಲಾದರೂ ಐಪಿ ಅದೇ. ಆಪರೇಟರ್ ಒಳಗಿಂದೊಳಗೇ ಜಿಟಿಪಿ ಟನೆಲ್ (ಟವರ್ ಕಡೆಯಿಂದ ಗೇಟ್‌ವೇವರೆಗಿನ ಒಳದಾರಿ) ಎಳೆದು ಒಂದೇ ಗೇಟ್‌ವೇಯಿಂದ ಹೊರಗೆ ಬಿಡುತ್ತಾನೆ, ಅದಕ್ಕೆ. ನಾನು ನನ್ನ ಜಾಣತನ ಅಂದುಕೊಂಡೆ.

ಒಂದು ಸಂಜೆ ಎರಡನೇ ಗಾಡಿ ಮಂಗಳೂರಿನಿಂದ ವಾಪಸು ಬರುವಾಗ ತಲಪಾಡಿ ಹತ್ತಿರ ಮೌನವಾಯಿತು. ಕರ್ನಾಟಕದ ನೆಟ್‌ವರ್ಕ್ ಬಿಟ್ಟು ಕೇರಳದ್ದು ಹಿಡಿಯುವಲ್ಲಿ ಟ್ರ್ಯಾಕರ್ ಸಿಕ್ಕಿಹಾಕಿಕೊಂಡಿತ್ತು. ಡ್ರೈವರ್ ಫೋನ್ ಎತ್ತಲಿಲ್ಲ. ಮಾಲಕರಿಗೆ ಸಿಟ್ಟು: "ಸ್ಟಾರ್ಟ್ ಕಟ್ ಮಾಡಿ ಹಾಕಿ. ನಿಲ್ಲಿಸಿದರೆ ಮತ್ತೆ ಹೊರಡಬಾರದು." ಒತ್ತಿದೆ. ಐದು ನಿಮಿಷಕ್ಕೆ ಮಂಗಳೂರು ಬಂದರಿನಿಂದ ನಾಲ್ಕನೇ ಗಾಡಿಯ ಡ್ರೈವರನ ಫೋನು: "ಎಂತ ಮಾರಾಯ್ರೆ, ಗೋಣಿ ಇಳಿಸಿ ಹೊರಡುವ ಅಂದ್ರೆ ಗಾಡಿ ಸ್ಟಾರ್ಟೇ ಆಗ್ತಿಲ್ಲ!"

ಟೇಬಲ್ ತೆರೆದು ನೋಡಿದೆ. ಎರಡನೇ ಗಾಡಿಯ ಕೊನೆಯ ಪ್ಯಾಕೆಟ್ 5:10ಕ್ಕೆ. ನಾಲ್ಕನೆಯದ್ದು 5:46ಕ್ಕೆ. ಎರಡರ ಎದುರೂ ಒಂದೇ ಐಪಿ, ಒಂದೇ ಪೋರ್ಟ್.

ಆದದ್ದು ಇಷ್ಟು. ಸಾಮಾನ್ಯ ಸಿಮ್ಮಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪುವ ವಿಳಾಸ) ಇರುವುದಿಲ್ಲ. ಆಪರೇಟರ್‌ನ ನ್ಯಾಟ್ (ವಿಳಾಸ ಬದಲಿಸಿ ಹೊರಗೆ ಬಿಡುವ ವ್ಯವಸ್ಥೆ) ಒಂದು ಐಪಿಯನ್ನು ತುಂಬಾ ಜನರಿಗೆ ಹಂಚುತ್ತದೆ. ಸ್ವಲ್ಪ ಹೊತ್ತು ಮಾತಿಲ್ಲದಿದ್ದರೆ ಪೋರ್ಟನ್ನು ಕಿತ್ತುಕೊಂಡು ಇನ್ನೊಬ್ಬರಿಗೆ ಕೊಡುತ್ತದೆ. ಯುಡಿಪಿಗೆ ಕೊಟ್ಟ ಪೋರ್ಟನ್ನು ಕನಿಷ್ಠ 2 ನಿಮಿಷ ಇಟ್ಟುಕೊಳ್ಳಿ ಅಂತ 2007ರ ಆರ್‌ಎಫ್‌ಸಿ 4787 (ಇಂಟರ್ನೆಟ್ ನಿಯಮಗಳ ದಾಖಲೆ) ಹೇಳುತ್ತದೆ. ನನ್ನದು ಹತ್ತು ನಿಮಿಷ! ಆದರೆ ತಪ್ಪು ನ್ಯಾಟ್‌ನದ್ದಲ್ಲ. ಅಡ್ರೆಸ್ಸನ್ನೇ ನಾನು ಹೆಸರು ಅಂದುಕೊಂಡಿದ್ದೆ. ಕಮಾಂಡಿನಲ್ಲಿ "ಕಟ್" ಅಂತ ಮಾತ್ರ ಇತ್ತು, ಯಾವ ಗಾಡಿಗೆ ಅಂತ ಇರಲಿಲ್ಲ. ಸಿಕ್ಕಿದವ ಪಾಲಿಸಿದ. ಮೇಲಿಂದ, ಇಗ್ನಿಶನ್ ಆಫ್ ಇದ್ದಾಗ ಗಂಟೆಗೊಮ್ಮೆ ಮಾತ್ರ ಮಾತಾಡು ಅಂತ ಬ್ಯಾಟರಿ ಉಳಿಸಲು ನಾನೇ ಇಟ್ಟಿದ್ದೆ. ಹಾಗಾಗಿ ಬಿಡಿಸುವ ಕಮಾಂಡೂ ಹೋಗಲಿಲ್ಲ. ಆ ದಿನದ ಬಾಡಿಗೆ ನಾನೇ ಕೊಟ್ಟೆ, ಮಾಲಕರ ಉಳಿದ ಗಾಡಿಗಳ ಕೆಲಸ ಬೇರೆಯವರಿಗೆ ಹೋಯಿತು.

ಫೋನ್ ಕರೆ ಹೇಗೆ ತಲುಪುತ್ತದೆ ನೋಡಿ. ನಂಬರ್ ಬೇರೆ, ಇರುವ ಜಾಗ ಬೇರೆ. ಹೊಸ ಏರಿಯಾಕ್ಕೆ ಹೋದ ಕೂಡಲೇ ಫೋನೇ "ಇಲ್ಲಿದ್ದೇನೆ" ಅನ್ನುತ್ತದೆ, ನೆಟ್‌ವರ್ಕ್ ಬರೆದುಕೊಳ್ಳುತ್ತದೆ. ಕರೆ ಬಂದಾಗ ಆ ಏರಿಯಾದ ಟವರ್‌ಗಳಲ್ಲಿ ಮಾತ್ರ ಕೂಗಿ ಹುಡುಕುತ್ತದೆ. 1996ರ ಮೊಬೈಲ್ ಐಪಿಯೂ ಇದೇ ದಾರಿ. ಮದುವೆಯಾಗಿ ಹೋದ ಮಗಳಿಗೆ ಬಂದ ಕಾಗದ ತವರಿಗೆ ಬರುತ್ತದೆ, ಅಣ್ಣ ಹೊಸ ಲಕೋಟೆಗೆ ಹಾಕಿ ಗಂಡನ ಮನೆಗೆ ಕಳಿಸುತ್ತಾನೆ. ಹೋಮ್ ಏಜೆಂಟ್ ಅಂದರೆ ಆ ಅಣ್ಣ. ಚಂದ ಇದೆ. ಆದರೆ ಶಾಲಾ ವ್ಯಾನಿಗೆ ಅಷ್ಟೆಲ್ಲಾ ಯಾಕೆ? ಸ್ಟಾಟಿಕ್ ಐಪಿ ಸಿಮ್ಮಿಗೂ ದುಡ್ಡು ಹಾಕಬೇಡಿ. ಗಡಿಯಲ್ಲಿ ಸಿಗ್ನಲ್ ಹೋದರೆ ಅದೂ ಅಷ್ಟೇ.

ಸರ್ವರ್ ಹುಡುಕಬಾರದು, ವ್ಯಾನೇ ಬಂದು ಬಾಗಿಲು ತಟ್ಟಬೇಕು. ಎಂಕ್ಯೂಟಿಟಿ ಹಾಕಿ, ಅದರಲ್ಲಿ ಟ್ರ್ಯಾಕರೇ ಬ್ರೋಕರ್ ಎಂಬ ನಡುವಿನ ಸರ್ವರ್‌ಗೆ ಕನೆಕ್ಟ್ ಆಗಿ ಸಂದೇಶ ಪಡೆಯುತ್ತದೆ. ಪ್ರತಿ ಟ್ರ್ಯಾಕರ್‌ಗೆ ಅದರದ್ದೇ ಐಡಿ, ಅದರದ್ದೇ ಪಾಸ್‌ವರ್ಡ್. ಕೀಪ್‌ಅಲೈವ್ (ಇನ್ನೂ ಇದ್ದೇನೆ ಅನ್ನುವ ಸಂದೇಶ) ಒಂದು ನಿಮಿಷ ಇಡಿ, ಡಾಟಾ ಸ್ವಲ್ಪ ಜಾಸ್ತಿ ಹೋದರೆ ಹೋಗಲಿ. ಐಪಿ ಬದಲಾದರೆ ಎಂಕ್ಯೂಟಿಟಿ ಓಡುವ ಟಿಸಿಪಿ ಕನೆಕ್ಷನ್ ಸಾಯುತ್ತದೆ, ಟ್ರ್ಯಾಕರ್ ಅದನ್ನು ತಿಳಿದು ಮತ್ತೆ ಕನೆಕ್ಟ್ ಆಗಬೇಕು. ಸೆಶನ್ (ಕನೆಕ್ಷನ್ ಕಡಿದರೂ ಬ್ರೋಕರ್ ನೆನಪಿಡುವ ಲೆಕ್ಕ) ಉಳಿಸಿಕೊಂಡು ಕ್ಯುಒಎಸ್ 1ರಲ್ಲಿ (ತಲುಪಿತು ಅಂತ ಉತ್ತರ ಬರುವವರೆಗೆ ಬಿಡದ ಮಟ್ಟ) ಕಳಿಸಿದರೆ ಕಮಾಂಡ್ ಬ್ರೋಕರ್‌ನಲ್ಲಿ ಕಾಯುತ್ತದೆ. ಅದಕ್ಕೆ ಅವಧಿಯನ್ನೂ ಹಾಕಿ, ನಿನ್ನೆಯ "ಕಟ್" ಇವತ್ತು ಬೆಳಿಗ್ಗೆ ಮಕ್ಕಳು ಹತ್ತಿದ ಮೇಲೆ ತಲುಪಬಾರದು ಅಲ್ವಾ?

ನಿಮ್ಮ ವ್ಯಾನ್ ಮುಳ್ಳೇರಿಯದಿಂದ ಜಾಲ್ಸೂರಿಗೆ ಹೋಗುತ್ತದೆ ಅಂದಿರಿ. ಆಫೀಸಿನಲ್ಲಿ ಕೂತು ಟೆಸ್ಟ್ ಮಾಡಬೇಡಿ. ಡ್ರೈವರ್ ಪಕ್ಕ ಕೂತು ಗಡಿ ದಾಟಿ, ವಾಪಸು ಬನ್ನಿ, ದಾರಿಯುದ್ದಕ್ಕೂ ಕಮಾಂಡ್ ಕಳಿಸುತ್ತಾ ಇರಿ. ಲಾಗ್ ಹಾಕಿ, ನೋಡಿ ಹೇಳುತ್ತೇನೆ.