ಪ್ರೌಢಶಾಲೆಯ ಮಕ್ಕಳಿಗೆ ಬೆರಳಚ್ಚು ಮತ್ತು ವ್ಯವಹಾರ ಕೌಶಲ ಕಲಿಸುವುದು ಹೇಗೆ?

ನೀವು ಮುಖ್ಯವಾಗಿ ಕೇಳಿರುವುದು ಎರಡು ವಿಚಾರ. ಎಂಟು ಮತ್ತು ಒಂಬತ್ತನೇ ತರಗತಿಗೆ ವಾರಕ್ಕೆ ಎರಡು ಅವಧಿ ಸಿಕ್ಕಿವೆ, ಮಕ್ಕಳು ನಲವತ್ತು, ಕಂಪ್ಯೂಟರ್ ಆರೇ. ಬೆರಳಚ್ಚನ್ನು ಇಂಗ್ಲಿಷಿನಲ್ಲಿ ಶುರು ಮಾಡಬೇಕೋ ಕನ್ನಡದಲ್ಲೋ ಎನ್ನುವುದು ಒಂದು. ವೇಳಾಪಟ್ಟಿಯಲ್ಲಿ ‘ವ್ಯವಹಾರ ಕೌಶಲ’ ಎಂದು ಬರೆದಿದ್ದಾರೆ, ಅದಕ್ಕೆ ಏನು ಪಾಠ ಮಾಡಬೇಕು ಎನ್ನುವುದು ಇನ್ನೊಂದು. ಮೊದಲು ಬೆರಳಚ್ಚು ತರಬೇತಿ ಕೇಂದ್ರದಲ್ಲಿ, ಆಮೇಲೆ ಪ್ರೌಢಶಾಲೆಯಲ್ಲಿ ಇದನ್ನೇ ಕಲಿಸುತ್ತ ಬಂದವನು ನಾನು. ನನ್ನ ಸಲಹೆ ಇಷ್ಟೇ: ಇವನ್ನು ಎರಡು ವಿಷಯ ಎಂದು ಎಣಿಸಬೇಡಿ. ಕೈ ಕೂತ ಮೇಲೆ ಮಕ್ಕಳು ಟೈಪ್ ಮಾಡುವ ಪ್ರತಿ ಪುಟವೂ ಯಾರಿಗಾದರೂ ನಿಜವಾಗಿ ಬೇಕಾದ ಅರ್ಜಿಯೋ ಬಿಲ್ಲೋ ಲೆಕ್ಕವೋ ಆಗಿರಲಿ.

ಕೈ ಕೂರುವವರೆಗೆ ಮಾತ್ರ ಹಳೆಯ ಪದ್ಧತಿಗೆ ಬದಲಿಯಿಲ್ಲ. ಕೀಲಿಮಣೆಯ ನಡುಸಾಲೇ ಬೆರಳುಗಳ ಮನೆ: ಎಡಗೈಗೆ ಎ, ಎಸ್, ಡಿ, ಎಫ್. ಬಲಗೈಗೆ ಜೆ, ಕೆ, ಎಲ್ ಮತ್ತು ಅರ್ಧವಿರಾಮ. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಗೆರೆ ಇರುತ್ತದೆ. ತೋರುಬೆರಳುಗಳು ಕಣ್ಣಿನ ಸಹಾಯವಿಲ್ಲದೆ ಮನೆ ಸೇರಲಿ ಎಂದೇ ಅದನ್ನು ಮಾಡಿರುವುದು. ಹೇಳಿಕೊಡುವವರೆಗೆ ಬಹುತೇಕ ಮಕ್ಕಳು ಅದನ್ನು ಗಮನಿಸಿಯೇ ಇರುವುದಿಲ್ಲ. ಕೈಗಳ ಮೇಲೆ ಕರವಸ್ತ್ರ ಹೊದಿಸಿ. ಮೊದಲ ತಿಂಗಳು ವೇಗದ ಮಾತನ್ನೇ ಎತ್ತಬೇಡಿ. ಮೊಬೈಲಿನಲ್ಲಿ ಎರಡು ಹೆಬ್ಬೆರಳಿನಿಂದ ಮಿಂಚಿನಂತೆ ಬರೆಯುವ ಮಕ್ಕಳಿಗೇ ಇದು ಹೆಚ್ಚು ಕಷ್ಟ. ಹತ್ತು ಬೆರಳು ಬಳಸಿದಾಗ ಮೊದಮೊದಲು ವೇಗ ಕುಸಿಯುತ್ತದೆ, ಅವರಿಗೆ ಸಿಟ್ಟು ಬರುತ್ತದೆ. ಬರಲಿ. ಅಳಿಸುವ ಕೀಲಿಯ ಮೇಲೆ ಒಂದು ಕಾಗದದ ಚೂರು ಅಂಟಿಸಿ. ತಪ್ಪು ಪುಟದಲ್ಲಿ ಉಳಿದರೆ ಯಾವ ಬೆರಳು ಎಡವುತ್ತಿದೆ ಎಂದು ನಿಮಗೂ ಮಗುವಿಗೂ ಕಾಣಿಸುತ್ತದೆ.

ಆರು ಯಂತ್ರಕ್ಕೆ ನಲವತ್ತು ಮಕ್ಕಳು ಎಂದು ಚಿಂತಿಸಿದ್ದೀರಿ. ಒಂದು ಯಂತ್ರಕ್ಕೆ ಇಬ್ಬರನ್ನು ಕೂರಿಸಿ, ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಟೈಪ್ ಮಾಡಲಿ. ಉಳಿದವರಿಗೆ ರಟ್ಟಿನ ಮೇಲೆ ನಿಜವಾದ ಅಳತೆಗೆ ಬರೆದ ಕೀಲಿಮಣೆ ಸಾಕು. ರಟ್ಟಿನ ಮೇಲೆ ಅಭ್ಯಾಸವಾದ ಬೆರಳು ಯಂತ್ರದ ಮುಂದೆ ಪರದಾಡುವುದಿಲ್ಲ. ಓದಿ ಹೇಳುವ ಕೆಲಸವನ್ನು ಕಡೆಗಣಿಸಬೇಡಿ. ‘ಅಲ್ಪವಿರಾಮ’, ‘ಹೊಸ ಸಾಲು’ ಎಂದು ಬಾಯಿಬಿಟ್ಟು ಹೇಳಿದ ಮಗುವಿಗೆ ವಿರಾಮ ಚಿಹ್ನೆಗಳು ವ್ಯಾಕರಣದ ಪಾಠಕ್ಕಿಂತ ಬೇಗ ಹಿಡಿತಕ್ಕೆ ಬರುತ್ತವೆ.

ಇನ್ನು ಭಾಷೆ. ಇಂಗ್ಲಿಷಿನಲ್ಲಿ ಕೀಲಿಮಣೆಯ ಮೂರು ಸಾಲು ಪರಿಚಯವಾದ ಕೂಡಲೇ ಕನ್ನಡಕ್ಕೆ ಬನ್ನಿ, ವರ್ಷದ ಕೊನೆಗೆಂದು ಮುಂದೂಡಬೇಡಿ. ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡಲು ನುಡಿ ತಂತ್ರಾಂಶವೇ ಚಾಲ್ತಿಯಲ್ಲಿದೆ, ಅದರ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸಕ್ಕೆ ಭಾಷಾ ತಂತ್ರಜ್ಞ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯೇ ಬುನಾದಿ. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ. ಕಲಿತ ಬೆರಳುಗಳನ್ನು ಮರೆಯಬೇಕಾಗಿಲ್ಲ. ಒತ್ತಕ್ಷರಕ್ಕೆ ನಡುವೆ ಎಫ್. ‘ಕನ್ನಡ’ ಎಂದರೆ ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಒತ್ತು. ಕನ್ನಡದಲ್ಲಿ ಪದೇ ಪದೇ ಬೇಕಾಗುವ ಆ ಕೀಲಿ ಎಡ ತೋರುಬೆರಳಿನ ಕೆಳಗೇ ಇದೆ ನೋಡಿ, ನನಗೆ ಈ ವಿನ್ಯಾಸದ ಬಗ್ಗೆ ಗೌರವ ಇರುವುದು ಅದಕ್ಕೇ. ವೇಗ ಅಳೆಯುವಾಗ ಮಾತ್ರ ಎಚ್ಚರ: ಐದು ಒತ್ತಿಗೆ ಒಂದು ಪದ ಎಂಬುದು ವಾಡಿಕೆಯ ಲೆಕ್ಕ, ಆದರೆ ‘ಸ್ವಾತಂತ್ರ್ಯ’ ಒಂದಕ್ಕೇ ಹನ್ನೊಂದು ಒತ್ತು ಬೇಕು. ಪದಗಳನ್ನು ಎಣಿಸಿ ಅಂಕ ಕೊಟ್ಟರೆ ಕನ್ನಡದಲ್ಲಿ ಟೈಪ್ ಮಾಡಿದ ಮಗುವಿಗೆ ಅನ್ಯಾಯವಾಗುತ್ತದೆ. ಜೊತೆಗೆ, ಮೊದಲ ದಿನದಿಂದಲೇ ಯುನಿಕೋಡ್ ಆಯ್ಕೆಯಲ್ಲಿ, ಅಂದರೆ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತದಲ್ಲಿ, ಟೈಪ್ ಮಾಡಿಸಿ. ಹಳೆಯ ಫಾಂಟಿನಲ್ಲಿ ಮಾಡಿದ ಅರ್ಜಿ ಆ ಫಾಂಟ್ ಇಲ್ಲದ ಕಡೆ ತೆರೆದರೆ ವಿಚಿತ್ರ ಲಿಪಿಯ ಕಸವಾಗಿ ಕಾಣಿಸುತ್ತದೆ.

ಮಾತಾಡಿದರೆ ಮೊಬೈಲೇ ಬರೆದುಕೊಳ್ಳುವಾಗ ಇದೆಲ್ಲ ಏಕೆ ಎಂದು ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ. ಅದರ ಊರಿನ ಹೆಸರು, ಅಜ್ಜನ ಹೆಸರು, ಜಮೀನಿನ ಸರ್ವೆ ನಂಬರನ್ನು ಮೊಬೈಲಿಗೆ ಹೇಳಲು ಬಿಡಿ. ಬಂದ ಸಾಲನ್ನು ತಿದ್ದಲು ಕೂತಾಗ ಉತ್ತರ ತಾನಾಗಿಯೇ ಸಿಗುತ್ತದೆ.

ಈಗ ವ್ಯವಹಾರ. ‘ಉದ್ಯಮಶೀಲತೆ’ಯ ಬಗ್ಗೆ ಭಾಷಣ ಮಾಡಿಸುವುದು, ದೊಡ್ಡ ಉದ್ಯಮಿಗಳ ಜೀವನಗಾಥೆ ಓದಿಸುವುದು ನನಗೆ ಹಿಡಿಸುವುದಿಲ್ಲ. ನಿಮ್ಮ ಶಾಲೆಯಲ್ಲಿ ಮಕ್ಕಳ ಸಂತೆ ನಡೆಯುತ್ತದಲ್ಲವೇ? ಸಾಮಾನ್ಯವಾಗಿ ಮಕ್ಕಳು ಸೊಪ್ಪು, ತರಕಾರಿ, ಚುರುಮುರಿ ಮಾರುತ್ತಾರೆ, ಫೋಟೊ ತೆಗೆಯುತ್ತೇವೆ, ಅಲ್ಲಿಗೆ ಮುಗಿಯಿತು. ನಿಜವಾದ ಪಾಠ ಮರುದಿನ ಇದೆ. ಒಂದು ಮಗು ಕಟ್ಟಿಗೆ 6 ರೂಪಾಯಿಯಂತೆ 20 ಕಟ್ಟು ಕೊತ್ತಂಬರಿ ತಂದು, 10 ರೂಪಾಯಿಯಂತೆ 15 ಕಟ್ಟು ಮಾರಿತು, ಐದು ಬಾಡಿ ಹೋದವು ಎಂದುಕೊಳ್ಳಿ. ಲಾಭ ಎಷ್ಟು ಎಂದರೆ ಥಟ್ಟನೆ ಬರುವ ಉತ್ತರ 60. ಕಟ್ಟಿಗೆ ನಾಲ್ಕು ಸಿಕ್ಕಿತಲ್ಲ! ಕೊಂಡದ್ದು 120, ಬಂದದ್ದು 150 ಎಂದು ಎರಡು ಕಾಲಮಿನಲ್ಲಿ ಟೈಪ್ ಮಾಡಿದಾಗ 30ಕ್ಕೆ ಇಳಿಯುತ್ತದೆ. ಬಸ್ಸಿಗೆ ಕೊಟ್ಟ 20 ಎಲ್ಲಿ ಎಂದು ಕೇಳಿ, ಹತ್ತೇ ಉಳಿಯುತ್ತದೆ. ಆಗ ಹಿಂದಿನ ಬೆಂಚಿನಿಂದ ಇನ್ನೊಬ್ಬರು, ‘ನಮ್ಮ ಹಿತ್ತಲಿನ ಸೊಪ್ಪು, ನಮಗೆ ಖರ್ಚೇ ಇಲ್ಲ’ ಎನ್ನುತ್ತಾರೆ. ನೀರು ಹಾಕಿದವರು ಯಾರು, ಅವರ ಕೂಲಿ ಎಲ್ಲಿ ಬರೆಯಬೇಕು? ಆ ಜಗಳಕ್ಕೆ ಒಂದು ಇಡೀ ಅವಧಿ ಕೊಡಿ, ಅವಸರ ಮಾಡಬೇಡಿ. ಹಿತ್ತಲಲ್ಲಿ ತಾಯಿ ಮಾಡುವ ಕೆಲಸಕ್ಕೆ ಬೆಲೆ ಕಟ್ಟುವ ಮಾತು ಬೇರೆ ಯಾವ ಪಾಠದಲ್ಲೂ ಇಷ್ಟು ಸಹಜವಾಗಿ ಬರುವುದಿಲ್ಲ.

ಉಳಿದದ್ದೆಲ್ಲ ಅದರ ಸುತ್ತಲೇ ಹೆಣೆಯಿರಿ. ಸಂತೆಗೆ ಮೇಜು ಕುರ್ಚಿ ಬೇಕೆಂದು ಗ್ರಾಮ ಪಂಚಾಯಿತಿಗೆ ಪತ್ರ: ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಕೊನೆಗೆ ಸಹಿ ಮತ್ತು ದಿನಾಂಕ. ಪತ್ರವನ್ನು ನಿಜವಾಗಿ ಕೊಟ್ಟು ಸ್ವೀಕೃತಿ ಪಡೆದು ಬರಲಿ. ಮೂರು ಅಂಗಡಿಗಳಿಂದ ಕೊಟೇಶನ್ ತಂದು ಹೋಲಿಸಲಿ. ಬಿಲ್ಲಿನಲ್ಲಿ ದರ, ಪ್ರಮಾಣ, ಮೊತ್ತ, ಕೆಳಗೆ ಅಕ್ಷರಗಳಲ್ಲಿ ಮೊತ್ತ. ಮನೆಯಿಂದ ಒಂದು ಜಿಎಸ್‌ಟಿ ಬಿಲ್ ತರಲು ಹೇಳಿ. ರಾಜ್ಯದೊಳಗಿನ ಮಾರಾಟದಲ್ಲಿ ಶೇ 18ರ ತೆರಿಗೆ 9 ಕೇಂದ್ರಕ್ಕೆ, 9 ರಾಜ್ಯಕ್ಕೆ ಎಂದು ಒಡೆದಿರುವುದನ್ನು ಅವರೇ ಹುಡುಕಲಿ. ಚೆಕ್ ಬರೆಯುವುದನ್ನೂ ಸೇರಿಸಿ, ಅದರ ಆಯಸ್ಸು ದಿನಾಂಕದಿಂದ ಮೂರೇ ತಿಂಗಳು ಎಂಬುದು ಮನೆಯ ದೊಡ್ಡವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಲೆಕ್ಕದ ಹಾಳೆಯಲ್ಲಿ ಒಂದು ಲಕ್ಷ 100,000 ಎಂದು ಕಾಣಿಸಿದರೆ, ಕಂಪ್ಯೂಟರಿನ ಪ್ರದೇಶದ ಆಯ್ಕೆಯನ್ನು ಭಾರತ ಎಂದು ಬದಲಿಸಿ, 1,00,000 ಆಗುತ್ತದೆ.

ಪರೀಕ್ಷೆಗೆ ಕೂರಿಸಬೇಕೇ ಎಂದೂ ಕೇಳಿದ್ದೀರಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುವ ವಾಣಿಜ್ಯ ಪರೀಕ್ಷೆಗಳಲ್ಲಿ ಬೆರಳಚ್ಚಿಗೆ ಜೂನಿಯರ್, ಸೀನಿಯರ್ ದರ್ಜೆಗಳಿವೆ. ಆಸೆಯಿರುವ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿದ ಬೇಸಿಗೆ ರಜೆಯಲ್ಲಿ ಅದಕ್ಕೆ ತಯಾರಾಗಲಿ. ಈಗಲೇ ಇಡೀ ತರಗತಿಯನ್ನು ಅದರತ್ತ ತಿರುಗಿಸಿದರೆ ವಾರದ ಎರಡೂ ಅವಧಿ ವೇಗದ ಅಭ್ಯಾಸಕ್ಕೇ ಹೋಗುತ್ತವೆ, ಸಂತೆಯ ಲೆಕ್ಕಕ್ಕೆ ಸಮಯವೇ ಸಿಗುವುದಿಲ್ಲ.